ನಿವೃತ್ತಿಯ ನಂತರ, ಆಸ್ಟ್ರೇಲಿಯಾದ ಬಡಾವಣೆಯಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ಟ್ರೇಲಿಯಾದಲ್ಲಿ ನೆಲೆಸಿ, ದುಡಿದು, ಅಲ್ಲಿಯೇ ನಿವೃತ್ತರಾದ ದಂಪತಿಗಳ ದಿನಚರಿಯನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮನೆಯ ಮಾತುಗಳಿರುವುದರಿಂದ ಬರೆದವರ ಹೆಸರುಗಳನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನನ್ನ ಅಕ್ಕ ಮತ್ತು ಭಾವ ಬಹುಕಾಲದಿಂದ ಮೆಲ್ಬರ್ನ್‌ನಲ್ಲಿದ್ದಾರೆ. ಇಬ್ಬರೂ ನಿವೃತ್ತರು, ಮಕ್ಕಳು ಬೇರೆ ನಗರಗಳಲ್ಲಿದ್ದಾರೆ. ವಿಡಿಯೊ ಕರೆ ಮಾಡಿದಾಗ ಕಿಟಕಿಯಾಚೆಯ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಇಡೀ ದಿನ ಇವರು ಏನು ಮಾಡುತ್ತಾರೆ? (ಮೈಸೂರು)

ಉತ್ತರ: ರಸ್ತೆ ಖಾಲಿಯಾಗಿ ಕಾಣುವುದು ನಿಜ, ಆದರೆ ಅದರಿಂದ ಮನೆಯೊಳಗಿನ ಬದುಕನ್ನು ಅಳೆಯಲಾಗದು. ಅಲ್ಲಿನ ಬಡಾವಣೆಗಳಲ್ಲಿ ಜನ ಬೀದಿಗೆ ಮುಖ ಮಾಡಿ ಕೂರುವುದಿಲ್ಲ. ಹರಟೆ, ಬಟ್ಟೆ ಒಣಹಾಕುವುದು, ಗಿಡಗಳ ಆರೈಕೆ ಎಲ್ಲವೂ ಎತ್ತರದ ಬೇಲಿಯ ಹಿಂದಿನ ಹಿತ್ತಲಿನಲ್ಲಿ ನಡೆಯುತ್ತವೆ. ತಳ್ಳುಗಾಡಿಯ ತರಕಾರಿಯವರಾಗಲಿ, ಹೂವಿನವರಾಗಲಿ, ಹಾಲಿನವರಾಗಲಿ ಬಾಗಿಲಿಗೆ ಬರುವುದಿಲ್ಲವಾದ್ದರಿಂದ, ಮೈಸೂರಿನಲ್ಲಿ ಗೇಟಿನ ಬಳಿ ನಿಂತರೆ ತಾನಾಗಿ ಸಿಗುವ ನಾಲ್ಕು ಮಾತು ಅಲ್ಲಿ ಸಿಗಬೇಕಾದರೆ ಮನೆ ಬಿಟ್ಟು ಹೊರಡಲೇಬೇಕು, ಅದೂ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ. ಇದನ್ನು ಬೇಗ ಅರಿತುಕೊಂಡವರು ಸುಖವಾಗಿದ್ದಾರೆ. ಜನ ತಾವಾಗಿ ಬಂದಾರು ಎಂದು ಕಾದವರು ಸೊರಗಿದ್ದಾರೆ. ನಾನು ಕಂಡ ಮನೆಗಳಲ್ಲಿ ಹಣಕಾಸಿನ ಅಂತರಕ್ಕಿಂತ ಈ ಅಂತರವೇ ದೊಡ್ಡದು.

ವಾರದ ಲಯವನ್ನು ಮೊದಲು ಗೊತ್ತುಮಾಡುವುದು ಕಸದ ಬಿನ್ನು ಎಂದರೆ ನಿಮಗೆ ನಗು ಬರಬಹುದು. ಹಲವು ಕೌನ್ಸಿಲ್‌ಗಳಲ್ಲಿ, ಅಂದರೆ ನಮ್ಮ ಪುರಸಭೆಯಂಥ ಸ್ಥಳೀಯ ಆಡಳಿತಗಳಲ್ಲಿ, ತೋಟದ ಮತ್ತು ಅಡುಗೆಮನೆಯ ಹಸಿ ಕಸಕ್ಕೆ ಹಸಿರು ಮುಚ್ಚಳದ ಬಿನ್ನು, ಮರುಬಳಕೆಯ ವಸ್ತುಗಳಿಗೆ ಹಳದಿ ಮುಚ್ಚಳದ್ದು, ಉಳಿದದ್ದಕ್ಕೆ ಕೆಂಪು ಮುಚ್ಚಳದ್ದು ಇರುತ್ತದೆ, ಮತ್ತು ಎಲ್ಲವನ್ನೂ ಪ್ರತಿ ವಾರ ಒಯ್ಯುವುದಿಲ್ಲ. ಹಿಂದಿನ ರಾತ್ರಿಯೇ ಬಿನ್ನನ್ನು ರಸ್ತೆಯಂಚಿಗೆ ಉರುಳಿಸಿ, ಚಕ್ರಗಳು ಮನೆಯ ಕಡೆಗಿರುವಂತೆ, ಒಂದಕ್ಕೊಂದು ತಾಗದಂತೆ ನಿಲ್ಲಿಸಿದರೆ, ಬೆಳಿಗ್ಗೆ ಲಾರಿಯ ಯಂತ್ರದ ತೋಳು ಅದನ್ನು ಎತ್ತಿ ಸುರಿದುಕೊಂಡು ಹೋಗುತ್ತದೆ. ಈ ವಾರ ಹಳದಿಯೋ ಕೆಂಪೋ ಎಂಬ ಅನುಮಾನ ಬಂದಾಗ ಎದುರುಮನೆಯವರು ಏನಿಟ್ಟಿದ್ದಾರೆಂದು ಇಣುಕಿ ನೋಡುವುದು ಸರ್ವಸಮ್ಮತ ಪದ್ಧತಿ. ಆ ಎದುರುಮನೆಯವರೂ ನಮ್ಮನ್ನು ನೋಡಿಯೇ ಇಟ್ಟಿರುತ್ತಾರೆಂಬುದು ಬೇರೆ ಮಾತು. ಪಕ್ಕದ ಮನೆಯವರು ಊರಿನಲ್ಲಿಲ್ಲದಾಗ ಅವರ ಖಾಲಿ ಬಿನ್ನನ್ನು ಒಳಗೆಳೆದಿಡುವ ಕೆಲಸ ಹೆಚ್ಚಾಗಿ ನಿವೃತ್ತರ ಪಾಲಿಗೇ ಬರುತ್ತದೆ, ಮತ್ತು ನೆರೆಯವರೊಡನೆ ಮೊದಲ ಮಾತು ಶುರುವಾಗುವುದು ಎಷ್ಟೋ ಸಲ ಅಲ್ಲಿಂದಲೇ.

ಬುಧವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳಾದ ಕೋಲ್ಸ್ ಮತ್ತು ವೂಲ್‌ವರ್ತ್ಸ್‌ನಲ್ಲಿ ವಾರದ ರಿಯಾಯಿತಿ ಬದಲಾಗುತ್ತದೆ, ಹಾಗಾಗಿ ಆ ಬೆಳಿಗ್ಗೆ ಅಲ್ಲಿ ತಲೆ ನರೆತವರದೇ ಸಂಚಾರ. ಪಾದಚಾರಿ ಮಾರ್ಗಕ್ಕೂ ರಸ್ತೆಗೂ ನಡುವಿನ ಹುಲ್ಲುಪಟ್ಟಿ ಕೌನ್ಸಿಲ್‌ನ ಆಸ್ತಿಯಾದರೂ ಅದನ್ನು ಕತ್ತರಿಸಿಡುವುದು ಮನೆಯವರ ಜವಾಬ್ದಾರಿಯೆಂದೇ ರೂಢಿಯಾಗಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ 9 ಗಂಟೆಗೆ ಮೊದಲು ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳಿಸಬಾರದೆಂಬ ನಿಯಮವೂ ಇದೆ. ನಿಮ್ಮ ಭಾವನವರು ಸೆಪ್ಟೆಂಬರ್‌ನಲ್ಲಿ ವಾಕಿಂಗ್‌ನ ದಾರಿ ಬದಲಿಸಿದ್ದಾರೆಂದು ಕೇಳಿದರೆ ಆಶ್ಚರ್ಯಪಡಬೇಡಿ, ಅದು ಗೂಡು ಕಾಯುವ ಗಂಡು ಮ್ಯಾಗ್‌ಪೈ ಹಕ್ಕಿಗಳು ದಾರಿಹೋಕರ ತಲೆಯ ಮೇಲೆರಗುವ ಕಾಲ.

ಬೇಸರದ ವಿಷಯಕ್ಕೆ ಬಂದರೆ, ನಾನು ಮೊದಲು ಹೇಳುವ ಹೆಸರು ಯುತ್ರೀಎ, ಅಂದರೆ ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್. ಆಸ್ಟ್ರೇಲಿಯಾದಲ್ಲಿ ಇದು 1984ರಲ್ಲಿ ಮೆಲ್ಬರ್ನ್‌ನಲ್ಲೇ ಆರಂಭವಾಯಿತು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಸಣ್ಣ ವಾರ್ಷಿಕ ಶುಲ್ಕ ಕಟ್ಟಿದ ನಿವೃತ್ತರು ತಮಗೆ ಗೊತ್ತಿರುವುದನ್ನು ಪರಸ್ಪರ ಕಲಿಸುತ್ತಾರೆ. ಚಿತ್ರಕಲೆ, ಇತಿಹಾಸ, ಭಾಷೆಗಳು, ಇಸ್ಪೀಟು, ಎಲ್ಲವೂ ಅಲ್ಲಿದೆ. ನಿಮ್ಮ ಅಕ್ಕನಿಗೆ ಯೋಗವೋ ಅಡುಗೆಯೋ ಚೆನ್ನಾಗಿ ಬರುವುದಾದರೆ ಅಲ್ಲಿ ಕಲಿಯುವುದಕ್ಕಿಂತ ಕಲಿಸಲು ಹೋಗುವುದು ಉತ್ತಮ, ಏಕೆಂದರೆ ಕಲಿಸುವವರು ಒಂದು ವಾರ ತಪ್ಪಿಸಿದರೆ ಮನೆಗೆ ಫೋನ್ ಬರುತ್ತದೆ. ಕನ್ನಡ ಸಂಘದ ಕಾರ್ಯಕ್ರಮಗಳು, ಕ್ಯಾರಂ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನ ಇವೆಲ್ಲ ಇದ್ದರೂ, ಹಬ್ಬಕ್ಕೊಮ್ಮೆ ಕಾಣುವ ನೂರು ಮುಖಗಳಿಗಿಂತ ಪ್ರತಿ ಮಂಗಳವಾರ ಕಾಣುವ ಎಂಟು ಮುಖಗಳು ಮುಪ್ಪಿನಲ್ಲಿ ಹೆಚ್ಚು ಆಸರೆಯಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು: ಜೂನ್, ಜುಲೈ ತಿಂಗಳಲ್ಲಿ ಮೆಲ್ಬರ್ನ್‌ನಲ್ಲಿ ಸಂಜೆ ಐದೂಕಾಲಿಗೆಲ್ಲ ಕತ್ತಲಾವರಿಸುತ್ತದೆ. ಭಾರತದಲ್ಲಿ ಆಗ ಇನ್ನೂ ಮಧ್ಯಾಹ್ನದ ಹನ್ನೆರಡೂಮುಕ್ಕಾಲು ಗಂಟೆ. ನೀವು ಕರೆ ಮಾಡಲು ಒಂದು ಹೊತ್ತನ್ನು ಆರಿಸಿಕೊಳ್ಳುವುದಾದರೆ ಆ ಹೊತ್ತನ್ನು ಆರಿಸಿಕೊಳ್ಳಿ.

ಪ್ರಶ್ನೆ: ಅಲ್ಲಿ ವಯಸ್ಸಾದ ಎಲ್ಲರಿಗೂ ಸರ್ಕಾರವೇ ಪಿಂಚಣಿ ಕೊಡುತ್ತದೆಯಂತೆ, ನಿಜವೇ? (ದಾವಣಗೆರೆ)

ಉತ್ತರ: ಎಲ್ಲರಿಗೂ ಅಲ್ಲ. ವೃದ್ಧಾಪ್ಯ ಪಿಂಚಣಿ ಅಲ್ಲಿ 1909ರಿಂದಲೂ ಇದೆ, ಆದರೆ ಅದು ದುಡಿದದ್ದಕ್ಕೆ ಸಿಗುವ ಪ್ರತಿಫಲವಲ್ಲ, ಅಗತ್ಯ ನೋಡಿ ಕೊಡುವ ನೆರವು. ಈಗ ಅರ್ಹತೆಯ ವಯಸ್ಸು 67. ಜೊತೆಗೆ ಸಾಮಾನ್ಯವಾಗಿ ಒಟ್ಟು 10 ವರ್ಷ ಆ ದೇಶದ ಖಾಯಂ ನಿವಾಸಿಯಾಗಿದ್ದು, ಅದರಲ್ಲಿ ಕನಿಷ್ಠ 5 ವರ್ಷ ಎಡೆಬಿಡದೆ ಅಲ್ಲಿದ್ದಿರಬೇಕು. ನಂತರ ಆದಾಯ ಮತ್ತು ಆಸ್ತಿ ಎರಡನ್ನೂ ಅಳೆದು, ಯಾವುದರ ಪ್ರಕಾರ ಕಡಿಮೆ ಮೊತ್ತ ಬರುತ್ತದೆಯೋ ಅದನ್ನು ಹದಿನೈದು ದಿನಕ್ಕೊಮ್ಮೆ ಕೊಡುತ್ತಾರೆ. ವಾಸದ ಮನೆಯನ್ನು ಆಸ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮವರು ಎಡವುವುದು ಇನ್ನೊಂದು ಕಡೆ: ಮೈಸೂರಿನ ಸೈಟು, ಬೆಂಗಳೂರಿನ ಫ್ಲ್ಯಾಟು, ಅದರ ಬಾಡಿಗೆ, ಇಲ್ಲಿನ ಬ್ಯಾಂಕಿನ ಠೇವಣಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ ಮತ್ತು ಎಲ್ಲವನ್ನೂ ಪಿಂಚಣಿ ಕೊಡುವ ಸರ್ಕಾರಿ ಕಚೇರಿಯಾದ ಸೆಂಟರ್‌ಲಿಂಕ್‌ಗೆ ತಿಳಿಸಲೇಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಬಂದಿದ್ದರೆ ಅದೂ ಸೇರುತ್ತದೆ, ಅಣ್ಣತಮ್ಮಂದಿರಲ್ಲಿ ಯಾರು ಉಳುತ್ತಿದ್ದಾರೆ ಎಂಬುದು ಅವರ ಪ್ರಶ್ನೆಯಲ್ಲ.

ಹೆಚ್ಚಿನವರ ಮುಖ್ಯ ಆಧಾರ ಸೂಪರ್ ಎಂದೇ ಎಲ್ಲರೂ ಕರೆಯುವ ಸೂಪರ್‌ಆ್ಯನ್ಯುಯೇಷನ್, ಅಂದರೆ ನಮ್ಮ ಭವಿಷ್ಯನಿಧಿಯಂಥದ್ದು. 1992ರಿಂದ ಮಾಲೀಕರು ಇದನ್ನು ಕಡ್ಡಾಯವಾಗಿ ಕಟ್ಟಬೇಕಾಗಿದ್ದು, 2025ರ ಜುಲೈನಿಂದ ಅದರ ಪ್ರಮಾಣ ಸಂಬಳದ ಶೇಕಡ 12. ಗಂಡನಿಗೆ 67 ತುಂಬಿ ಹೆಂಡತಿ ಅವನಿಗಿಂತ ಚಿಕ್ಕವಳಾಗಿರುವ ಮನೆಗಳಿಗೆ ಒಂದು ಸೂಚನೆ: ಹೆಂಡತಿಯ ಸೂಪರ್ ಹಣವನ್ನು ಪಿಂಚಣಿಯಾಗಿ ಪಡೆಯಲು ಆರಂಭಿಸದೆ ಹಾಗೆಯೇ ಬಿಟ್ಟಿದ್ದರೆ, ಆಕೆಗೂ 67 ತುಂಬುವವರೆಗೆ ಅದನ್ನು ಗಂಡನ ವೃದ್ಧಾಪ್ಯ ಪಿಂಚಣಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಶ್ನೆ: ಮಗನ ಜೊತೆ ಇರಲು ನಾವಿಬ್ಬರೂ ಅಲ್ಲಿಗೆ ಹೋದರೆ ಈ ಸೌಲಭ್ಯಗಳು ನಮಗೂ ಸಿಗುತ್ತವೆಯೇ? (ಶಿವಮೊಗ್ಗ)

ಉತ್ತರ: ಸಿಗುವುದಿಲ್ಲ. ಸಂದರ್ಶಕರ ವೀಸಾ ಇರಲಿ, ಮೂರು ಅಥವಾ ಐದು ವರ್ಷಕ್ಕೆ ಕೊಡುವ ಪೋಷಕರ ತಾತ್ಕಾಲಿಕ ವೀಸಾ ಇರಲಿ, ಅದರಲ್ಲಿ ಹೋದವರಿಗೆ ಪಿಂಚಣಿಯೂ ಇಲ್ಲ, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ಸೌಲಭ್ಯ ಕೂಡ ಇಲ್ಲ. ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ.

ಪ್ರಶ್ನೆ: ನನ್ನ ಯಜಮಾನರು ನಿವೃತ್ತರಾದ ಮೇಲೆ ದಿನವಿಡೀ ಮನೆಯಲ್ಲೇ ಇರುತ್ತಾರೆ. ನನ್ನ ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಫ್ರಿಜ್‌ನಲ್ಲಿ ಯಾವ ಪದಾರ್ಥ ಮೊದಲು ಮುಗಿಯಬೇಕೆಂದು ಪಟ್ಟಿ ಮಾಡಿದ್ದಾರೆ. ನಾನು ಹೊರಟರೆ ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುತ್ತಾರೆ. ಒಳ್ಳೆಯ ಮನುಷ್ಯ, ಆದರೆ ನನಗೆ ಉಸಿರು ಕಟ್ಟುತ್ತಿದೆ. (ಸಿಡ್ನಿ)

ಉತ್ತರ: ನಿಮ್ಮ ಪತ್ರವನ್ನು ಓದಿ ನಕ್ಕೆ, ಆದರೆ ಇದು ನಕ್ಕು ಮರೆಯುವ ವಿಷಯವಲ್ಲ. ಅವರು ದಶಕಗಳ ಕಾಲ ಆಫೀಸಿನಲ್ಲಿ ಮಾಡಿದ ಕೆಲಸವನ್ನೇ ಈಗ ನಿಮ್ಮ ಅಡುಗೆಮನೆಯಲ್ಲಿ ಮುಂದುವರಿಸಿದ್ದಾರೆ, ಅಷ್ಟೇ. ಊರಿನಲ್ಲಾದರೆ ಇಂಥ ಗಂಡಸು ಬೆಳಿಗ್ಗೆ ಪತ್ರಿಕೆ ಹಿಡಿದು ಪಾರ್ಕಿನ ಕಟ್ಟೆಗೆ ಹೋಗುತ್ತಿದ್ದರು, ಮಧ್ಯಾಹ್ನ ಬ್ಯಾಂಕಿಗೋ ವಿದ್ಯುತ್ ಬಿಲ್ಲು ಕಟ್ಟಲೋ ಒಂದು ನೆಪ ಹುಡುಕುತ್ತಿದ್ದರು, ಸಂಜೆ ಯಾರದೋ ಮನೆಯ ಮದುವೆ ಮಾತುಕತೆಗೆ ಸಲಹೆ ಕೊಡುತ್ತಿದ್ದರು. ಸಿಡ್ನಿಯ ಬಡಾವಣೆಯಲ್ಲಿ ಬಿಲ್ಲುಗಳು ಫೋನಿನಲ್ಲೇ ಮುಗಿಯುತ್ತವೆ, ಸಲಹೆ ಕೇಳುವವರಿಲ್ಲ. ನೀವಾದರೋ ಮಕ್ಕಳ ಶಾಲೆಯ ಕಾಲದಿಂದಲೇ ನಿಮ್ಮದೊಂದು ಸ್ನೇಹವಲಯ ಕಟ್ಟಿಕೊಂಡಿರುತ್ತೀರಿ. ಅವರ ಗೆಳೆಯರೆಲ್ಲ ಸಹೋದ್ಯೋಗಿಗಳು, ಕೆಲಸದೊಂದಿಗೇ ಕೈಬಿಟ್ಟವರು.

ಅವರಿಗೆ ಮೆನ್ಸ್ ಶೆಡ್ ಪರಿಚಯಿಸಿ. 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಈ ಏರ್ಪಾಟು ಈಗ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ಇದೆ. ಒಂದು ದೊಡ್ಡ ಶೆಡ್ಡು, ಗರಗಸ, ಉಳಿ, ಡ್ರಿಲ್ಲು, ಸುತ್ತ ವಯಸ್ಸಾದ ಗಂಡಸರು. ಶಿಶುವಿಹಾರಕ್ಕೆ ಮರದ ಆಟಿಕೆ ಮಾಡುತ್ತಾರೆ, ಮುರಿದ ಕುರ್ಚಿ, ಹಳೆಯ ಸೈಕಲ್ ರಿಪೇರಿ ಮಾಡುತ್ತಾರೆ, ನಡುವೆ ಕೆಲಸ ನಿಲ್ಲಿಸಿ ಚಹಾ ಮತ್ತು ಬಿಸ್ಕತ್ತಿಗೆ ಕೂರುತ್ತಾರೆ. ಎದುರುಬದುರು ಕುಳಿತು ಕಷ್ಟಸುಖ ಹೇಳಿಕೊಳ್ಳಲಾರದ ಗಂಡಸರು ಒಂದೇ ಹಲಗೆಯ ಎರಡು ತುದಿ ಹಿಡಿದುಕೊಂಡಾಗ ಮಾತಾಡುತ್ತಾರೆ ಎಂಬುದು ಇದರ ಹಿಂದಿನ ತಿಳಿವಳಿಕೆ, ಮತ್ತು ಅದು ಸರಿ. ಮರಗೆಲಸ ಬರುವುದಿಲ್ಲವೆಂದು ಅವರು ಹಿಂಜರಿಯಬಹುದು. ಚೀಟಿ ಅಂಟಿಸಿ ಪಟ್ಟಿ ಮಾಡುವ ಮನುಷ್ಯನಿಗಾಗಿ ಪ್ರತಿಯೊಂದು ಶೆಡ್ಡಿನ ಮೊಳೆ ಡಬ್ಬಿಗಳೂ ಕಾದಿರುತ್ತವೆ. ನೀವೇ ಹೇಳಿದರೆ ತಮ್ಮನ್ನು ಮನೆಯಿಂದ ಅಟ್ಟುತ್ತಿದ್ದಾಳೆ ಎಂದು ನೊಂದುಕೊಂಡಾರು, ಆದ್ದರಿಂದ ಸ್ನೇಹಿತರೊಬ್ಬರು ಮೊದಲ ಸಲ ಜೊತೆಗೆ ಕರೆದೊಯ್ಯುವಂತೆ ಮಾಡುವುದು ಮೇಲು.

ಶಾಲೆಯ ಮುಂದೆ ವಾಹನಗಳನ್ನು ನಿಲ್ಲಿಸುವ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಕೆಲಸವನ್ನೂ ಯೋಚಿಸಲಿ. ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಸ್ವಲ್ಪ ಹೊತ್ತು, ಸಂಬಳವೂ ಉಂಟು. ಅವರು ವೃದ್ಧಾಪ್ಯ ಪಿಂಚಣಿ ಪಡೆಯುತ್ತಿದ್ದರೆ ದುಡಿಮೆಯಿಂದ ಹದಿನೈದು ದಿನಕ್ಕೆ 300 ಡಾಲರ್‌ವರೆಗೆ ಬಂದರೂ ಆ ಹಣದಿಂದ ಪಿಂಚಣಿ ಕಡಿಮೆಯಾಗುವುದಿಲ್ಲ.

ಇಬ್ಬರೂ ಒಟ್ಟಿಗೆ ಮಾಡುವುದಕ್ಕೂ ಒಂದನ್ನು ಇಟ್ಟುಕೊಳ್ಳಿ. 60 ತುಂಬಿ, ವಾರಕ್ಕೆ 20 ಗಂಟೆಗಿಂತ ಹೆಚ್ಚು ಸಂಬಳದ ಕೆಲಸ ಮಾಡದವರಿಗೆ ನಿಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸೀನಿಯರ್ಸ್ ಕಾರ್ಡ್ ಸಿಗುತ್ತದೆ. ಅದರೊಂದಿಗೆ ಬರುವ ಚಿನ್ನದ ಬಣ್ಣದ ಓಪಲ್ ಪ್ರಯಾಣ ಕಾರ್ಡಿನಲ್ಲಿ ದಿನಕ್ಕೆ ಎಷ್ಟೇ ಸುತ್ತಿದರೂ 2.50 ಡಾಲರ್ ಮೀರುವುದಿಲ್ಲ. ಅಷ್ಟೇ ಹಣದಲ್ಲಿ ರೈಲಿನಲ್ಲಿ ಬ್ಲೂ ಮೌಂಟನ್ಸ್‌ನ ಕಟೂಂಬಾಗೆ ಹೋಗಿ ಸಂಜೆಗೆ ಮರಳಬಹುದು. ಬುತ್ತಿಯನ್ನು ಅವರೇ ಕಟ್ಟಲಿ. ಡಬ್ಬಿಗಳ ಮೇಲೆ ಹೇಗೂ ಚೀಟಿಗಳಿವೆ.

ಪ್ರಶ್ನೆ: ಮಕ್ಕಳು ಹತ್ತಿರವಿಲ್ಲದಾಗ ಕಾಯಿಲೆ ಬಿದ್ದರೆ ನೋಡುವವರು ಯಾರು? (ಹುಬ್ಬಳ್ಳಿ)

ಉತ್ತರ: ದಿನನಿತ್ಯದ ಕಾಯಿಲೆಗೆ ಪಕ್ಕದ ಜಿಪಿ, ಅಂದರೆ ಕುಟುಂಬ ವೈದ್ಯರು, ತಜ್ಞರನ್ನು ಕಾಣಬೇಕಾದರೂ ಸಾಮಾನ್ಯವಾಗಿ ಇವರ ಚೀಟಿ ಬೇಕು. 1984ರಿಂದ ಇರುವ ಮೆಡಿಕೇರ್ ಮೂಲಕ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆದರೆ ತುರ್ತಲ್ಲದ ಶಸ್ತ್ರಚಿಕಿತ್ಸೆಗೆ, ಉದಾಹರಣೆಗೆ ಮಂಡಿ ಬದಲಿಸಲು, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಮತ್ತು ಹಲ್ಲಿನ ಚಿಕಿತ್ಸೆ ಬಹುಮಟ್ಟಿಗೆ ಸ್ವಂತ ಖರ್ಚಿನದು. ಆಂಬುಲೆನ್ಸ್ ಕೂಡ ಮೆಡಿಕೇರ್‌ಗೆ ಸೇರಿಲ್ಲ; ಕ್ವೀನ್ಸ್‌ಲ್ಯಾಂಡ್ ಮತ್ತು ಟಾಸ್ಮೇನಿಯಾದ ನಿವಾಸಿಗಳಿಗೆ ಅದು ಉಚಿತ, ಉಳಿದ ಕಡೆ ಸದಸ್ಯತ್ವವೋ ವಿಮೆಯೋ ರಿಯಾಯಿತಿ ಕಾರ್ಡೋ ಇಲ್ಲದಿದ್ದರೆ ದೊಡ್ಡ ಬಿಲ್ಲು ಬರುತ್ತದೆ. 50ರಿಂದ 74 ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಕರುಳಿನ ಕ್ಯಾನ್ಸರ್ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಉಚಿತವಾಗಿ ಬರುತ್ತದೆ. ನಮ್ಮವರಲ್ಲಿ ಹಲವರು ಅದನ್ನು ಅಸಹ್ಯಪಟ್ಟು ಕಪಾಟಿನಲ್ಲಿಡುತ್ತಾರೆ, ಹಾಗೆ ಮಾಡಬಾರದು.

ಸ್ನಾನ, ಮನೆ ಶುಚಿ, ಆಸ್ಪತ್ರೆಗೆ ಕರೆದೊಯ್ಯುವುದು ಇಂಥ ನೆರವು 65 ದಾಟಿದವರಿಗೆ ಸರ್ಕಾರದ ಮೈ ಏಜ್ಡ್ ಕೇರ್ ವ್ಯವಸ್ಥೆಯ ಮೂಲಕ ದೊರೆಯುತ್ತದೆ. 2025ರ ನವೆಂಬರ್ 1ರಿಂದ ಮನೆಯಲ್ಲೇ ಆರೈಕೆ ಪಡೆಯುವ ಹೊಸ ಯೋಜನೆ ಸಪೋರ್ಟ್ ಅಟ್ ಹೋಮ್ ಜಾರಿಯಲ್ಲಿದ್ದು, ನರ್ಸಿಂಗ್‌ನಂಥ ಚಿಕಿತ್ಸಾ ಸೇವೆಯ ಖರ್ಚನ್ನು ಸರ್ಕಾರ ಭರಿಸುತ್ತದೆ, ಉಳಿದ ಸೇವೆಗಳಿಗೆ ಆದಾಯ, ಆಸ್ತಿಗೆ ತಕ್ಕಂತೆ ಪಾಲು ಕೊಡಬೇಕು. ಮೊದಲು ಅಗತ್ಯದ ಪರಿಶೀಲನೆ ನಡೆಯಬೇಕು, ಅದಕ್ಕೂ ಸರದಿಯಿದೆ. ಆದ್ದರಿಂದ ಬಿದ್ದ ಮೇಲೆ ಅರ್ಜಿ ಹಾಕುವುದಕ್ಕಿಂತ ಕೈಕಾಲು ನಡುಗಲು ಶುರುವಾದಾಗಲೇ ಹಾಕಬೇಕು.

ಪ್ರಶ್ನೆ: ನಾಲ್ಕು ಕೋಣೆಯ ಮನೆ ನಮ್ಮಿಬ್ಬರಿಗೆ ದೊಡ್ಡದಾಗಿದೆ. ಮಾರಿ ನಿವೃತ್ತರ ಗ್ರಾಮವೊಂದಕ್ಕೆ (ರಿಟೈರ್‌ಮೆಂಟ್ ವಿಲೇಜ್, ವಯಸ್ಸಾದವರಿಗೆಂದೇ ಕಟ್ಟಿದ ವಸತಿ ಸಮುಚ್ಚಯ) ಹೋಗೋಣವೆಂದು ಯೋಚಿಸುತ್ತಿದ್ದೇವೆ. ನಿಮ್ಮ ಸಲಹೆ ಏನು? (ಬ್ರಿಸ್ಬೇನ್)

ಉತ್ತರ: ಅವಸರ ಮಾಡಬೇಡಿ. 55 ದಾಟಿದವರು ಕನಿಷ್ಠ 10 ವರ್ಷ ತಮ್ಮದಾಗಿದ್ದ ಮನೆಯನ್ನು ಮಾರಿದಾಗ ತಲಾ 3,00,000 ಡಾಲರ್‌ವರೆಗೆ ಸೂಪರ್ ಖಾತೆಗೆ ಹಾಕಬಹುದು ಎಂಬ ಅನುಕೂಲವಿದೆ. ಆದರೆ ವಾಸದ ಮನೆಯಾಗಿ ವೃದ್ಧಾಪ್ಯ ಪಿಂಚಣಿಯ ಲೆಕ್ಕಕ್ಕೆ ಸಿಗದೇ ಇದ್ದ ಆಸ್ತಿ ಹಣವಾದ ಕೂಡಲೇ ಲೆಕ್ಕಕ್ಕೆ ಸಿಗುತ್ತದೆ. ಹೊಸ ಮನೆಗೆಂದು ತೆಗೆದಿಟ್ಟ ಭಾಗಕ್ಕೆ ಮಾತ್ರ ಸ್ವಲ್ಪ ಕಾಲದ ವಿನಾಯಿತಿ ಇದೆ. ಮಾರಿದ ಮರುವರ್ಷ ಪಿಂಚಣಿ ಇಳಿದಾಗ ದಂಪತಿಗಳು ದಿಗಿಲುಬೀಳುವುದನ್ನು ಕಂಡಿದ್ದೇನೆ.

ನಿವೃತ್ತರ ಗ್ರಾಮಗಳಲ್ಲಿ ಹೆಚ್ಚಿನ ಕಡೆ ನೀವು ಕೊಳ್ಳುವುದು ಮನೆಯನ್ನಲ್ಲ, ಅದರಲ್ಲಿ ವಾಸಿಸುವ ಹಕ್ಕನ್ನು. ಬಿಟ್ಟು ಹೊರಡುವಾಗ ನಿರ್ಗಮನ ಶುಲ್ಕವೆಂದು ಅವರು ಕಡಿದುಕೊಳ್ಳುವ ಮೊತ್ತ ವರ್ಷ ಕಳೆದಂತೆ ಏರುತ್ತಾ ಹೋಗಿ, ಕಟ್ಟಿದ್ದರ ಕಾಲುಭಾಗವನ್ನೂ ಮೀರಬಹುದು. ಈಜುಕೊಳ ಮತ್ತು ಚೆಂಡುರುಳಿಸುವ ಬೌಲ್ಸ್ ಆಟದ ಹುಲ್ಲುಹಾಸನ್ನು ತೋರಿಸುವ ಉತ್ಸಾಹದಲ್ಲಿ ಈ ಮಾತನ್ನು ಕೊನೆಗೆ ಹೇಳುತ್ತಾರೆ. ಎರಡು ವರ್ಷಕ್ಕೆ, ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಹೊರಟರೆ ಕೈಗೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ತಿಂಗಳ ನಿರ್ವಹಣಾ ಶುಲ್ಕ ಎಂದಿನವರೆಗೆ ಕಟ್ಟುತ್ತಿರಬೇಕು ಎಂಬುದನ್ನು ಬರಹದಲ್ಲಿ ಪಡೆದು, ಈ ಒಪ್ಪಂದಗಳನ್ನು ಬಲ್ಲ ವಕೀಲರಿಗೆ ತೋರಿಸಿ. ನಿಮ್ಮ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 75 ತುಂಬಿದ ಮೇಲೆ ವೈದ್ಯರ ಪ್ರಮಾಣಪತ್ರವಿಲ್ಲದೆ ಕಾರು ಓಡಿಸುವಂತಿಲ್ಲವಾದ್ದರಿಂದ ಬಸ್ಸು, ರೈಲು ನಡೆದು ಹೋಗುವಷ್ಟು ದೂರದಲ್ಲಿದೆಯೇ ಎಂಬುದನ್ನೂ ನೋಡಿ. 2024ರ ಆಗಸ್ಟ್‌ನಿಂದ ಅಲ್ಲಿ ಸಾರ್ವಜನಿಕ ಸಾರಿಗೆಯ ದರ 50 ಸೆಂಟ್ ಆಗಿದ್ದರೂ ನಿಲ್ದಾಣವೇ ಇಲ್ಲದ ಕಡೆ ಅದರಿಂದ ಪ್ರಯೋಜನವಿಲ್ಲ. ಅಡುಗೆಯ ವಾಸನೆ, ಊರಿನಿಂದ ಬಂದು ಆರು ತಿಂಗಳು ಉಳಿಯುವ ತಂಗಿ, ಮೊಮ್ಮಕ್ಕಳ ಗಲಾಟೆ ಇವುಗಳ ಬಗ್ಗೆ ಅಲ್ಲಿನ ನಿಯಮ ಏನು ಹೇಳುತ್ತದೆ ಎಂಬುದನ್ನು ಮಾರಾಟದವರನ್ನು ಕೇಳಬೇಡಿ, ಈಗಾಗಲೇ ಅಲ್ಲಿ ವಾಸವಾಗಿರುವವರನ್ನು ಕೇಳಿ.