ಕೊಟ್ಟಿಗೆಯ ಸಗಣಿ, ಕಿಸೆಯ ಮೊಬೈಲು

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಕಡೆಯ ನಮ್ಮ ಅಡಿಕೆ ತೋಟದ ಮನೆಗೆ ಮರಳಿದ್ದೇನೆ. ಸರಳವಾಗಿ ಬದುಕುವ ಆಸೆಯಿದೆ. ಸಿಲಿಂಡರ್ ಬಿಟ್ಟು ಗೋಬರ್ ಗ್ಯಾಸ್ ಹಾಕಿಸಿಕೊಳ್ಳಬಹುದೇ? ಮೊಬೈಲನ್ನೂ ಬಿಡಬೇಕೇ?

ಉತ್ತರ: ಮೊದಲು ಕೊಟ್ಟಿಗೆಯಲ್ಲಿರುವ ದನಗಳನ್ನು ಎಣಿಸಿ. 2 ಘನಮೀಟರಿನ ಘಟಕಕ್ಕೆ ದಿನವೂ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ನಿಮ್ಮ ಕಡೆಯ ಮಲೆನಾಡು ಗಿಡ್ಡ ಹಸು ಸಣ್ಣ ತಳಿಯಾದ್ದರಿಂದ ಸಗಣಿಯೂ ಕಡಿಮೆ; ಅಂಥ ಎರಡು ಹಸುಗಳನ್ನು ನಂಬಿಕೊಂಡು ಈ ಕೆಲಸಕ್ಕೆ ಕೈಹಾಕಬೇಡಿ. ಬೆಳಗ್ಗೆ ತೊಟ್ಟಿಯ ಮುಂದೆ ಕುಳಿತು, ಹುಲ್ಲಿನ ಕಡ್ಡಿಗಳನ್ನು ಆರಿಸಿ, ಸಗಣಿಯ ಗಡ್ಡೆಗಳನ್ನು ಕೈಯಿಂದಲೇ ಒಡೆದು, ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತರಬೇಕು. ಸರಳ ಜೀವನವೆಂದು ನಾವು ಹೊಗಳುವುದರಲ್ಲಿ ಇಂಥ ದುಡಿಮೆಯೇ ಹೆಚ್ಚು (ನನ್ನ ಬೆನ್ನಿಗೂ ಇದು ಗೊತ್ತು). ಚಳಿ ಹೆಚ್ಚಾದಾಗ ಸೂಕ್ಷ್ಮಾಣುಗಳ ಚಟುವಟಿಕೆ ಕುಗ್ಗಿ ಅನಿಲ ಕಡಿಮೆಯಾಗುವುದರಿಂದ ಒಂದು ಸಿಲಿಂಡರ್ ಉಳಿಸಿಕೊಳ್ಳುವುದು ಜಾಣತನ. ಹೊರಬರುವ ಬಗ್ಗಡವನ್ನು ಸೊಪ್ಪಿನ ಜೊತೆ ಕೊಳೆಸಿದರೆ ಅಡಿಕೆ ಮರಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ.

ಮೊಬೈಲು ಇರಲಿ. ಅಡಿಕೆ ದರ ತಿಳಿಯಲು, ಹಸುವಿನ ಹೆರಿಗೆ ಕಷ್ಟವಾದಾಗ ಪಶುವೈದ್ಯರನ್ನು ಕರೆಯಲು ಅದು ಬೇಕಾಗುತ್ತದೆ. ಸಗಣಿ ಕಲಸುವಾಗ ಮಾತ್ರ ಒಳಗಿಟ್ಟು ಬನ್ನಿ.