ಬಾಕ್ಸ್ ಇಟ್ಟ ಮೇಲೆ ಸೊಳ್ಳೆ ಜಾಸ್ತಿಯಾಗಿದ್ದಕ್ಕೆ

ಬಾಕ್ಸ್ ಕೆಟ್ಟಿರಲಿಕ್ಕಿಲ್ಲ. ಬ್ರೆಜಿಲ್‌ನ ಕಾಂಪಿನಾಸ್‌ನಲ್ಲಿ ಆಕ್ಸಿಟೆಕ್ ಕಂಪನಿಯ ಮೊಟ್ಟೆ ಬಾಕ್ಸ್‌ಗೆ (ಸೊಳ್ಳೆ ಕಡಿಮೆ ಮಾಡಲೆಂದು ಜೀನ್ ಬದಲಿಸಿದ ಈಡಿಸ್ ಸೊಳ್ಳೆಯ ಮೊಟ್ಟೆ ಇರುವ ಡಬ್ಬಿ) ನೀರು ಹಾಕಿ ಎರಡು ವಾರಕ್ಕೆ ಸೊಳ್ಳೆ ಜಾಸ್ತಿಯಾಗಿದೆ ಅಂದಿರಲ್ಲ, ಅವು ಬಹುಶಃ ಅದರಿಂದಲೇ ಹೊರಬಂದ ಗಂಡುಗಳು. ಗಂಡು ಕಚ್ಚುವುದಿಲ್ಲ. ನಮ್ಮಲ್ಲೂ ಹೀಗೇ ಆಗಿತ್ತು.

ಮೊದಲು ಒಂದನ್ನು ಲೋಟ ಮುಚ್ಚಿ ಹಿಡಿಯಿರಿ. ಫೋನ್ ಕ್ಯಾಮೆರಾ ಜೂಮ್ ಮಾಡಿ ಮೀಸೆ ನೋಡಿ. ಬಾಟಲಿ ತೊಳೆಯುವ ಬ್ರಷ್‌ನಂತೆ ಪೊದೆಯಾಗಿದ್ದರೆ ಗಂಡು, ದಾರದಂತಿದ್ದರೆ ಹೆಣ್ಣು.

ಕಚ್ಚುತ್ತಿರುವುದು ಮೊದಲಿಂದ ಇದ್ದ ಹೆಣ್ಣುಗಳೇ ಇರಬೇಕು. ರಾತ್ರಿ ಮಲಗಿದಾಗ ಕಚ್ಚಿದರೆ ಹೆಚ್ಚಾಗಿ ಕ್ಯೂಲೆಕ್ಸ್ ಅನ್ನುವ ಬೇರೆ ಜಾತಿಯ ಸೊಳ್ಳೆ, ಅದಕ್ಕೂ ಈ ಬಾಕ್ಸ್‌ಗೂ ಸಂಬಂಧವಿಲ್ಲ. ಡೆಂಗಿ ಹರಡುವ ಈಡಿಸ್ ಹಗಲಿನದು.

ಆಮೇಲೆ ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಉಜ್ಜಿ ತೊಳೆಯಿರಿ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬಾಕ್ಸ್ ಹತ್ತಿರ ಸ್ಪ್ರೇ ಬೇಡ, ದುಡ್ಡು ಕೊಟ್ಟು ತಂದ ಗಂಡುಗಳೇ ಸಾಯುತ್ತವೆ, ಅಲ್ವಾ?

ಈ ಗಂಡುಗಳು ಹೊರಗಿನ ಹೆಣ್ಣುಗಳ ಜೊತೆ ಕೂಡಿದರೆ ಹುಟ್ಟುವ ಹೆಣ್ಣು ಮರಿಗಳು ಲಾರ್ವಾ ಹಂತದಲ್ಲೇ ಸಾಯುತ್ತವೆ. ಫಲ ಕಾಣಲು ಕೆಲವು ತಲೆಮಾರು ಬೇಕು. 28 ದಿನಕ್ಕೊಮ್ಮೆ ಮೊಟ್ಟೆ ಪ್ಯಾಕ್ ಬದಲಿಸುತ್ತಾ ಹೋಗಿ. ಅಲ್ಲಿವರೆಗೆ ಮೈಗೆ ರಿಪೆಲೆಂಟ್ ಹಚ್ಚಿಕೊಳ್ಳಿ.