ಸ್ಟೆಂಟ್ ಹಾಕಿರೋದು ಒಂದೇ ಜಾಗಕ್ಕೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನ್ರಿಗೆ 54 ವರ್ಷ, ಅರಸೀಕೆರೆ ಹತ್ರ ದಿನಸಿ ಅಂಗಡಿ ಇಟ್ಕೊಂಡಿದೀವಿ. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ರು. ಮೊದಲೆರಡು ತಿಂಗಳು ಎಲ್ಲಾ ಸರಿಯಾಗೇ ಮಾಡ್ತಿದ್ರು. ಈಗ "ಬ್ಲಾಕ್ ತೆಗ್ದಾಯ್ತಲ್ಲ, ಇನ್ನೇನು" ಅಂತಾರೆ, ವಾಕಿಂಗ್ ನಿಂತೋಗಿದೆ, ಕೈಮೇಲೆ ನೀಲಿ ಕಲೆ ಆಗುತ್ತೆ ಅಂತ ರಕ್ತ ತೆಳು ಮಾಡೋ ಮಾತ್ರೆ ಒಂದನ್ನ ಅವರೇ ಬಿಟ್ಟಿದಾರೆ, ದಿನಕ್ಕೆ ಒಂದು ಬೀಡಿನೂ ಶುರುವಾಗಿದೆ. ಹೇಳಿದ್ರೆ ರೇಗ್ತಾರೆ. ಮಗ ನೋಡಿದ್ರೆ ಅಪ್ಪನಿಗೆ ಒಂದು ಕೊಡ ನೀರು ಎತ್ತೋಕೂ ಬಿಡಲ್ಲ. ಏನ್ ಮಾಡ್ಲಿ?
ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ತಾಯಿ, ಇದನ್ನ ಓದಿದ ತಕ್ಷಣ ಸ್ಟೆಂಟ್ ಹಾಕಿದ ಡಾಕ್ಟ್ರಿಗೆ ಫೋನ್ ಮಾಡಿ, ಆ ಮಾತ್ರೆ ವಿಷಯ ಇವತ್ತೇ ಹೇಳಿ, ಉಳಿದಿದ್ದೆಲ್ಲ ಆಮೇಲೆ. ಸ್ಟೆಂಟ್ ಅಂದ್ರೆ ಲೋಹದ ಸಣ್ಣ ಜಾಲರಿ, ಅದರ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಕೊಳ್ಳೋಕೆ ತಿಂಗಳುಗಟ್ಟಲೆ ಬೇಕು, ಅಲ್ಲೀವರೆಗೂ ಬರೀ ಲೋಹಕ್ಕೆ ರಕ್ತ ಹೆಪ್ಪುಗಟ್ಟೋ ಭಯ ಇದ್ದೇ ಇರುತ್ತೆ. ಅದಕ್ಕೇ ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ ಕೊಡ್ತೀವಿ. ಚರ್ಮದ ಮೇಲೆ ನೀಲಿ ಕಲೆ ಬರೋದು ಮಾಮೂಲಿ. ಮಲ ಟಾರಿನ ಹಾಗೆ ಕಪ್ಪಗಾದ್ರೆ, ವಾಂತಿಯಲ್ಲಿ ರಕ್ತ ಬಂದ್ರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಇನ್ನು "ಬ್ಲಾಕ್ ತೆಗ್ದಾಯ್ತು" ಅನ್ನೋ ಮಾತು. ಈ ಮಾತನ್ನ ನಾನು ವಾರಕ್ಕೆ ಹತ್ತು ಸಲನಾದ್ರೂ ಕೇಳ್ತೀನಿ, ಮೂರನೇ ನಾಲ್ಕನೇ ತಿಂಗಳಲ್ಲೇ ಕೇಳ್ತೀನಿ, ಯಾಕಂದ್ರೆ ಆ ಹೊತ್ತಿಗೆ ನೋವು ಮರೆತಿರುತ್ತೆ. ಸ್ಟೆಂಟ್ ಹಾಕಿರೋದು ಒಂದು ಜಾಗಕ್ಕೆ, ಕಾಯಿಲೆ ಇರೋದು ಎಲ್ಲಾ ರಕ್ತನಾಳದಲ್ಲೂ. ನಿಮ್ಮೂರಲ್ಲಿ ಪೈಪು ಒಂದು ಕಡೆ ಕಟ್ಟಿಕೊಂಡಿತ್ತು, ಅಲ್ಲಿ ಬಿಡಿಸಿದ್ರು, ಆದ್ರೆ ಬರೋ ನೀರು ಅದೇ ನೀರು ತಾನೇ? ಕೊಲೆಸ್ಟ್ರಾಲ್ ಮಾತ್ರೆನೂ ಹಾಗೇ, ರಿಪೋರ್ಟ್ ನಾರ್ಮಲ್ ಬಂತು ಅಂತ ಬಿಡೋರು ಜಾಸ್ತಿ, ನಾರ್ಮಲ್ ಬಂದಿರೋದೇ ಆ ಮಾತ್ರೆಯಿಂದ. ಎಲ್‌ಡಿಎಲ್ ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಅದು 70ರ ಕೆಳಗಿರ್ಬೇಕು, ಆದಷ್ಟೂ ಕಮ್ಮಿ ಇದ್ರೆ ಇನ್ನೂ ಒಳ್ಳೇದು.

ನನ್ನ ಹತ್ರ ಬರ್ತಿದ್ದ ಒಬ್ಬ ಕೊಬ್ಬರಿ ವ್ಯಾಪಾರಿಗೆ ಮಾತ್ರೆ ಮರೆತೋಗ್ತಿತ್ತು. ಅವರ ಹೆಂಡ್ತಿ ಏನ್ ಮಾಡಿದ್ರು ಅಂದ್ರೆ, ಅಂಗಡಿಯಲ್ಲಿ ಲಕ್ಷ್ಮಿ ಫೋಟೋ ಕೆಳಗೆ ಊದಿನಕಡ್ಡಿ ಪ್ಯಾಕೆಟ್ ಇಡ್ತಾರಲ್ಲ, ಅದರ ಪಕ್ಕಕ್ಕೇ ಮಾತ್ರೆ ಡಬ್ಬಿ ಇಟ್ಟುಬಿಟ್ರು. ಬಾಗಿಲು ತೆಗೆದು ಮಾತ್ರೆ ನುಂಗಿ ಆಮೇಲೇ ಕಡ್ಡಿ ಹಚ್ಚೋದು. ಮರೆಯೋದು ನಿಂತೋಯ್ತು. ನಿಮಗೂ ಅಂಗಡಿ ಇದೆ, ಇದನ್ನೇ ಮಾಡಿ ನೋಡಿ.

ವಾಕಿಂಗ್ ವಿಷಯಕ್ಕೆ ಬಂದ್ರೆ, ನಿಮ್ಮ ಮಗನಿಗೂ ಇದನ್ನ ಓದಿಸಿ. ಸುಮ್ನೆ ಕೂರಿಸಿದ್ರೆ ಹೃದಯ ಗಟ್ಟಿ ಆಗಲ್ಲ. ಮೊದಲ ಐದು ನಿಮಿಷ ನಿಧಾನ, ಆಮೇಲೆ ಸ್ವಲ್ಪ ಬಿರುಸು, ಕೊನೇಲಿ ಮತ್ತೆ ನಿಧಾನ. ನಿಂತು ಎರಡು ತಿಂಗಳಾಗಿರೋದ್ರಿಂದ ಹತ್ತು ನಿಮಿಷದಿಂದ ಶುರು ಮಾಡಿ ಮೆಲ್ಲಗೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಅನ್ನೋ ಮಟ್ಟಕ್ಕೆ ತನ್ನಿ. ನಡೀತಾ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಅಷ್ಟೇ ಲೆಕ್ಕ. ಚಳಿಗಾಲದಲ್ಲಿ ಐದು ಗಂಟೆಗೇ ಹೊರಡೋದು ಬೇಡ, ಬಿಸಿಲು ಬರಲಿ. ನೀರು ಎತ್ತೋದು, ಸಣ್ಣಪುಟ್ಟ ಕೆಲಸ ಡಾಕ್ಟ್ರು ಒಪ್ಪಿದ್ರೆ ಮಾಡಬಹುದು, ಉಸಿರು ಬಿಗಿಹಿಡಿದು 50 ಕೆಜಿ ಅಕ್ಕಿ ಮೂಟೆ ಎತ್ತೋದು ಮಾತ್ರ ಬೇಡವೇ ಬೇಡ. ಎದೆ ಬಿಗಿದ ಹಾಗಾದ್ರೆ ನಿಂತು, ಕೂತು, ಡಾಕ್ಟ್ರು ಬರೆದುಕೊಟ್ಟಿದ್ರೆ ರಕ್ತನಾಳ ಹಿಗ್ಗಿಸೋ ಸಾರ್ಬಿಟ್ರೇಟ್ ಮಾತ್ರೆನ ನಾಲಿಗೆ ಕೆಳಗೆ ಇಟ್ಕೊಳ್ಳಲಿ, ಐದು ನಿಮಿಷದಲ್ಲಿ ಹೋಗಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ.

ದೊಡ್ಡ ಆಸ್ಪತ್ರೆಗಳಲ್ಲಿ ಕಾರ್ಡಿಯಾಕ್ ರಿಹ್ಯಾಬ್ ಅಂತ ಇರುತ್ತೆ, ಫಿಸಿಯೋಥೆರಪಿಸ್ಟ್ ಇಸಿಜಿ ನೋಡ್ಕೊಂಡು ವ್ಯಾಯಾಮ ಮಾಡಿಸ್ತಾರೆ. ಒಂದ್ಸಲನಾದ್ರೂ ಹೋಗಿ ಆರು ನಿಮಿಷದ ನಡಿಗೆ ಟೆಸ್ಟ್ ಮಾಡಿಸಿ, ಮನೇಲಿ ಏನ್ ಮಾಡ್ಬೇಕು ಅಂತ ಬರೆಸ್ಕೊಂಡು ಬನ್ನಿ. ಯೋಗ ಮಾಡ್ಬಹುದಾ ಅಂತಲೂ ತುಂಬಾ ಜನ ಕೇಳ್ತಾರೆ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು 4000 ಜನರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟ ಆಯ್ತು, ಯೋಗ ಮಾಡಿದವರು ಹಳೇ ಕೆಲಸಕ್ಕೆ ಚೆನ್ನಾಗಿ ಮರಳಿದ್ರು, ಆರೋಗ್ಯ ಚೆನ್ನಾಗಿದೆ ಅಂತಲೂ ಹೇಳಿದ್ರು, ಆದ್ರೆ ಮತ್ತೆ ಅಟ್ಯಾಕ್ ಆಗೋದು ಕಮ್ಮಿ ಆಗುತ್ತೆ ಅಂತ ಅದರಲ್ಲಿ ಸಾಬೀತಾಗಲಿಲ್ಲ. ಮಾಡಲಿ, ಮಾತ್ರೆ ಜೊತೆಗೆ ಮಾಡಲಿ.

ಬೀಡಿ: "ಒಂದೇ ತಾನೇ" ಅನ್ನೋ ಸಮಾಧಾನ ಬೇಡ. ದಿನಕ್ಕೆ ಒಂದೇ ಸಿಗರೇಟ್ ಸೇದಿದ್ರೂ, 20 ಸೇದೋರಿಗೆ ಹೃದಯಕ್ಕೆ ಇರೋ ಹೆಚ್ಚುವರಿ ಅಪಾಯದಲ್ಲಿ ಹತ್ತಿರ ಹತ್ತಿರ ಅರ್ಧ ಇರುತ್ತೆ. 1800-11-2356ಕ್ಕೆ ಫೋನ್ ಮಾಡಿದ್ರೆ ಬಿಡೋಕೆ ಸಹಾಯ ಮಾಡ್ತಾರೆ, ಫೋನ್ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಅಡುಗೆ ಬಗ್ಗೆ ಒಂದೇ ಮಾತು, ಅವರಿಗೆ ಬೇರೆ ಪಾತ್ರೆ ಇಡ್ಬೇಡಿ, ಎಲ್ಲರೂ ಅದೇ ಸಾರು ತಿನ್ನಿ. ತಟ್ಟೆಯಲ್ಲಿ ಅವರೊಬ್ಬರಿಗೇ ಸಪ್ಪೆ, ಮಿಕ್ಕವರಿಗೆ ಉಪ್ಪಿನಕಾಯಿ ಹಪ್ಪಳ ಅಂದ್ರೆ ಯಾರು ತಾನೇ ಎಷ್ಟು ದಿನ ತಡ್ಕೊಳ್ತಾರೆ? ದಿನಕ್ಕೆ ಒಬ್ಬರಿಗೆ ಎಲ್ಲಾ ಸೇರಿ ಒಂದು ಟೀ ಚಮಚ ಉಪ್ಪು ಸಾಕು. ಮುದ್ದೆ, ಸೊಪ್ಪಿನ ಸಾರು ಚೆನ್ನಾಗಿ ಆಗುತ್ತೆ, ಕಾಯಿತುರಿ ಕಮ್ಮಿ ಮಾಡಿ.

ರೇಗ್ತಾರೆ ಅಂದ್ರಲ್ಲ, ಅದನ್ನ ಹಗುರಾಗಿ ತಗೋಬೇಡಿ. ಅಟ್ಯಾಕ್ ಆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತೆ, ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಾಗೇ ಕಾಣ್ಸುತ್ತೆ. ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಸಂಜೆ ಅಂಗಡಿಯಲ್ಲಿ ಮಗನ್ನ ಕೂರಿಸಿ ನೀವೇ ಅವರ ಜೊತೆ ವಾಕಿಂಗ್ ಹೋಗಿ. ಬೈದು ಕಳಿಸೋದಕ್ಕಿಂತ ಜೊತೆಗೆ ನಡೆಯೋದು ಹೆಚ್ಚು ಕೆಲಸ ಮಾಡುತ್ತೆ, ಇದು ನಾನು ಕಣ್ಣಾರೆ ಕಂಡಿರೋದು.

ಪ್ರಶ್ನೆ: ನನಗೆ 41 ವರ್ಷ, ಅಟ್ಯಾಕ್ ಆಗಿ ಎರಡು ತಿಂಗಳು. ಹೆಂಡತಿ ಜೊತೆ ಸೇರೋಕೆ ಇಬ್ಬರಿಗೂ ಭಯ. ಡಾಕ್ಟ್ರನ್ನ ಕೇಳೋಕೆ ಸಂಕೋಚ.
ಒಬ್ಬ ಓದುಗರು, ತುಮಕೂರು

ಉತ್ತರ: ಕೇಳಿದ್ದು ಒಳ್ಳೇದಾಯ್ತು, ಹೆಚ್ಚಿನವರು ಕೇಳೋದೇ ಇಲ್ಲ. ಎರಡು ಮಹಡಿ ಮೆಟ್ಟಿಲು ಎದೆನೋವು, ಏದುಸಿರು ಇಲ್ಲದೆ ಹತ್ತೋಕಾದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಮುಂದಿನ ಚೆಕಪ್‌ನಲ್ಲಿ ಡಾಕ್ಟ್ರಿಗೂ ಒಂದ್ಮಾತು ಹೇಳಿ. ಆದ್ರೆ ಯಾರೋ ಹೇಳಿದ್ರು ಅಂತ ಮೆಡಿಕಲ್ ಶಾಪಲ್ಲಿ ವಯಾಗ್ರ ಥರದ ಮಾತ್ರೆ ತಗೋಬೇಡಿ. ಅದು ಸಾರ್ಬಿಟ್ರೇಟ್ ಜೊತೆ ಸೇರಿದ್ರೆ ಬಿಪಿ ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯ.